ಐವರಲ್ಲಿಲ್ಲದವನು

ಹಿಂದಿನ ಟ್ರಕ್ಕು ಮತ್ತೊಮ್ಮೆ ಗುದ್ದಿತು.

ನನ್ನ ಕಾರು ಮುಂದಕ್ಕೆ ಜಾರಿತು. ಬಲಗಡೆ ಮೊನೊಂಗಹೇಲ ನದಿ. ಎಡಗಡೆ ಜಲ್ಲಿಯ ರಾಶಿ. ನಡುವೆ ನಾನು... ಐವತ್ತು ದಾಟಿದ ಹೆಂಗಸು. ಬಾಯಲ್ಲಿ ಅರ್ಧ ಅಗಿದ ಹ್ಯಾಮ್ ಸ್ಯಾಂಡ್‌ವಿಚ್.

ಕನ್ನಡಿಯಲ್ಲಿ ನೋಡಿದೆ. ಟ್ರಕ್ಕಿನ ಹಣೆಯ ಮೇಲೆ ದಪ್ಪ ಅಕ್ಷರಗಳು. ‘ಟಾಲಿವರ್ ಅಂಡ್ ಸನ್ಸ್’.

ಒಳ್ಳೇ ಕತೆ. ನಾನು ಯಾರನ್ನು ಕಾಪಾಡಲು ಹೊರಟಿದ್ದೆನೋ ಅವನ ಗಾಡಿಯೇ ನನ್ನನ್ನು ನದಿಗೆ ನೂಕುತ್ತಿತ್ತು!

ಬ್ರೇಕಿನಿಂದ ಕಾಲು ತೆಗೆದೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ ಎಳೆದು ವೇಗ ಕೊಟ್ಟೆ. ಕಾರು ಜಲ್ಲಿಯಲ್ಲಿ ಮೂತಿ ಹೂತು ನಿಂತಿತು. ಟ್ರಕ್ಕು ಕಾರಿನ ಬಲಬದಿ ಸವರಿಕೊಂಡು ಹೋಯಿತು. ಅದರ ಮುಂದಿನ ಗಾಲಿಗಳು ದಡದಾಚೆ ತೂಗಾಡಿದವು. ಹೊಟ್ಟೆ ನೆಲಕ್ಕೆ ಕಚ್ಚಿ ನಿಂತುಬಿಟ್ಟಿತು.

ಪಿಸ್ತೂಲು ಹಿಡಿದು ಇಳಿದೆ.

ತಡೀರಿ, ಇಲ್ಲಿಗೆ ಹೇಗೆ ಬಂತು ಅಂತ ಹೇಳದಿದ್ದರೆ ನಿಮಗೆ ಅರ್ಥವಾಗದು.

ನಾನು ಡೊಲೊರೆಸ್ ಹುಡಾಕ್. ಈ ನದೀತೀರದ ಮಕೀಸ್‌ಪೋರ್ಟ್ ಊರಿನವಳು. ಮೊದಲು ಪೊಲೀಸು. ಈಗ ಸೇತುವೆ ಕಟ್ಟಿಸುವ ಪ್ರಾಧಿಕಾರದಲ್ಲಿ ಕೆಲಸ. ಗುತ್ತಿಗೆದಾರರೂ ಯೂನಿಯನ್ನಿನವರೂ ಒಬ್ಬರ ಕತ್ತು ಒಬ್ಬರು ಹಿಸುಕದಂತೆ ನೋಡಿಕೊಳ್ಳುವುದು.

ಸೇತುವೆ ಸರ್ಕಾರದ್ದು. ಹಾಗಾಗಿ ಎಲ್ಲರಿಗೂ ಒಂದೇ ಒಪ್ಪಂದ. ಒಂದೇ ಕೂಲಿ. ಆಳುಗಳು ಮುಷ್ಕರ ಹೂಡುವಂತಿಲ್ಲ, ಮಾಲೀಕರು ಬೀಗ ಜಡಿಯುವಂತಿಲ್ಲ. ಯೂನಿಯನ್ ಇಲ್ಲದ ಗುತ್ತಿಗೆದಾರನೂ ಬರಬಹುದು. ಆದರೆ ಅವನ ಆಳು ಒಬ್ಬ, ಯೂನಿಯನ್ ಹಾಲ್, ಅಂದರೆ ಯೂನಿಯನ್ನಿನವರು ಕೆಲಸಕ್ಕೆ ಕಾದು ಕೂರುವ ಕಚೇರಿ, ಕಳಿಸಿದವನು ಒಬ್ಬ. ಮತ್ತೆ ಇವನ ಕಡೆಯವನು, ಮತ್ತೆ ಹಾಲ್‌ನವನು. ಹೀಗೆ ಅವನ ಕಡೆಯವರು ಐದು ಜನ ಆಗುವ ತನಕ. ಆಮೇಲೆ ಬೇಕಾದವರೆಲ್ಲ ಹಾಲ್‌ನಿಂದಲೇ.

ಆಲ್ಟನ್ ಟಾಲಿವರ್‌ಗೆ ಒಂಬತ್ತು ಜನ ಇದ್ದರು. ಕಂಬಗಳ ಒಳಗಿನ ಕಬ್ಬಿಣ ಕಟ್ಟುವವರು. ಯೂನಿಯನ್ ಇಲ್ಲ. ಅವನ ಅಡುಗೆಮನೆಯಲ್ಲಿ ಕೂತು ನಾನೇ ಒಪ್ಪಿಸಿದೆ.

“ಸಹಿ ಹಾಕಿ ಟಾಲಿವರ್. ಇಂಥ ಕೆಲಸ ನಿಮ್ಮಪ್ಪನ ಕಾಲದಲ್ಲೂ ಸಿಕ್ಕಿರಲಿಲ್ಲ.”

“ಉಳಿದ ನಾಲ್ಕು ಜನ?”

“ಹಾಲ್‌ನಲ್ಲಿ ಹೆಸರು ಬರೆಸಲಿ.”

“ಅಲ್ಲಿನ ಬೆಂಚು ಎಷ್ಟು ಉದ್ದ ಅಂತ ನಿಮಗೂ ಗೊತ್ತು ಮೇಡಂ.”

ಗೊತ್ತಿತ್ತು. ಆದರೂ ಸಹಿ ಹಾಕಿಸಿದೆ.

ಐವರ ಪಟ್ಟಿಗೆ ಅವನು ಮೊದಲು ಹೇಳಿದ ಹೆಸರು ವೆಂಡೆಲ್ ಓಕ್ಸ್. ಅವನ ಅಪ್ಪನ ಕಾಲದ ಆಳು. ಬೇಡ ಅಂದವಳು ನಾನೇ. ಆ ಐದು ಜನ ಇತ್ತೀಚೆಗೆ ಸಂಬಳದ ಪಟ್ಟಿಯಲ್ಲಿ ಇದ್ದವರೇ ಆಗಬೇಕು ಅನ್ನುತ್ತದೆ ನಿಯಮ. ವೆಂಡೆಲ್ ಚಳಿಗಾಲವಿಡೀ ಮನೆಯಲ್ಲಿ ಮಲಗಿದ್ದ. ಟಾಲಿವರ್‌ನ ಕೆಲಸದಲ್ಲೇ ಬೆನ್ನು ಮುರಿದುಕೊಂಡು.

ಕೆಲಸ ಶುರುವಾಯಿತು. ಕಾಟವೂ ಶುರುವಾಯಿತು. ಟೈರು ಕೊಯ್ದರು. ಕಟ್ಟುವ ತಂತಿಯ ಸುರುಳಿಗಳು ನದಿ ಪಾಲಾದವು. ಟಾಲಿವರ್ ಮನೆಯ ಕಿಟಕಿಗೆ ಕಲ್ಲು ಬಿತ್ತು.

“ಯೂನಿಯನ್ನೋರದ್ದೇ ಕೆಲಸ. ಇನ್ನೊಂದಾದ್ರೆ ನಾನು ಬಿಟ್ಟು ಹೋಗ್ತೀನಿ” ಅಂದ ಟಾಲಿವರ್.

ಆ ಬೆಳಿಗ್ಗೆ ಹಾಲ್‌ಗೆ ಹೋದೆ. ಅಲ್ಲಿನ ಯಜಮಾನ ವ್ರಾಬೆಲ್ ನನ್ನ ಜೊತೆ ಶಾಲೆ ಕಲಿತವನು.

“ನನ್ನ ಹುಡುಗರು ಟೈರು ಕೊಯ್ಯೋ ಕಾಲ ಹೋಯ್ತು ಕಣೇ. ಈಗ ಕೊಯ್ಯೋಕೆ ವಕೀಲರಿದಾರೆ.”

“ಸರಿ. ವೆಂಡೆಲ್‌ನನ್ನಾದ್ರೂ ನಿಮ್ಮ ಕಡೆಯಿಂದ ಕಳಿಸು.”

ವ್ರಾಬೆಲ್ ಬಾಗಿಲು ತೆರೆದು ತೋರಿಸಿದ. ಬೆಂಚಿನ ತುಂಬ ಗಂಡಸರು. ಮಡಿಲಲ್ಲಿ ಹೆಲ್ಮೆಟ್ಟು.

“ಇವ್ರೂ ಚಳಿಗಾಲದಿಂದ ಕೂತಿದಾರೆ. ಯಾರನ್ನ ಎಬ್ಬಿಸ್ಲಿ? ನೀನೇ ತೋರ್ಸು.”

ನಾನು ತೋರಿಸಲಿಲ್ಲ. ಸ್ಯಾಂಡ್‌ವಿಚ್ ಕೊಂಡು ಸೇತುವೆ ಕಡೆಯ ನದೀದಾರಿ ಹಿಡಿದೆ. ಅಲ್ಲಿ ಈ ಟ್ರಕ್ಕು ಬೆನ್ನು ಹತ್ತಿತು.

ಪಿಸ್ತೂಲು ಹಿಡಿದೇ ಟ್ರಕ್ಕಿನ ಬಾಗಿಲು ತೆಗೆದೆ. ಒಳಗೆ ವೆಂಡೆಲ್ ಓಕ್ಸ್. ಹಳೇ ಆಳು, ಟ್ರಕ್ಕಿನ ಬೀಗದಕೈ ಇನ್ನೂ ಅವನ ಹತ್ತಿರ ಇತ್ತು.

“ಇಳಿ.”

“ಬೆನ್ನು ಬಗ್ಗಲ್ಲ. ಬೇಕಾದ್ರೆ ಎಳ್ಕೊ.”

ಎಳೆದುಕೊಂಡೆ. ಜಲ್ಲಿಯ ಮೇಲೆ ಕೂರಿಸಿದೆ.

“ನನ್ನ ಕೊಲ್ಲೋಕೆ ಬಂದ್ಯಾ?”

“ನಾನು ಆಲ್ಟನ್ ಆಳಲ್ಲ ಅಂತ ನೀನು ಅಂದೆ.”

“ನಿಯಮ ಹಾಗನ್ನುತ್ತೆ.”

“ನಿಯಮಕ್ಕೆ ಬಾಯಿಲ್ಲ. ಅಂದಿದ್ದು ನೀನು.”

ಪಿಸ್ತೂಲು ಒಳಗಿಟ್ಟೆ.

“ಟೈರು, ತಂತಿ, ಕಲ್ಲು... ಎಲ್ಲಾ ನೀನೇನಾ?”

“ನಾನೇ. ಯೂನಿಯನ್ನೋರ ತಲೆಗೆ ಕಟ್ಟಿದ್ರೆ ಆಲ್ಟನ್ ಬೇಸತ್ತು ವಾಪಸ್ ಬರ್ತಾನೆ ಅಂದ್ಕೊಂಡೆ. ಮೊದಲಿನ ಹಾಗೆ ಒಂಬತ್ತೂ ಜನ...”

“ಬೇರೇನು ಮಾಡಿದೀಯ?”

ಅವನು ನದಿ ನೋಡಿದ.

“ವೆಂಡೆಲ್. ಬೇರೇನು?”

“ಮೂರನೇ ಕಂಬದ ಕಬ್ಬಿಣದ ಪಂಜರ. ಹಾಲ್‌ನೋರು ಕಟ್ಟಿದ ಕಡೆ ನಿನ್ನೆ ಸಂಜೆ ತಂತಿ ಕಟ್ಟು ಬಿಚ್ಚಿದೀನಿ. ತಪಾಸಣೆಗೆ ಬಂದೋರ ಮುಂದೆ ಅವರ ಮಾನ ಹೋಗ್ಲಿ ಅಂತ. ತಪಾಸಣೆ ಇವತ್ತು ತಾನೆ?”

“ನಿನ್ನೆ ಮಧ್ಯಾಹ್ನವೇ ಆಯ್ತು. ಪಂಜರಾನ ಈಗ ಕ್ರೇನಲ್ಲಿ ಎತ್ತುತ್ತಿದಾರೆ.”

ಅವನು ಏಳಲು ಹೋದ. “ಲಮಾಂಟ್ ಇರ್ತಾನೆ ಅಲ್ಲಿ...”

ಲಮಾಂಟ್, ಟಾಲಿವರ್‌ನ ಐವರಲ್ಲೊಬ್ಬ. ವೆಂಡೆಲ್ ಹಾಸಿಗೆ ಹಿಡಿದಾಗ ಹೊತ್ತು ಹೊತ್ತಿಗೆ ಸೂಪು ಕುಡಿಸಿದವನು.

ಟಾಲಿವರ್‌ಗೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು... ಕ್ರೇನಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ವೆಂಡೆಲ್‌ನನ್ನು ಅಲ್ಲೇ ಬಿಟ್ಟು ಕಾರನ್ನು ಹಿಂದಕ್ಕೆ ಕಿತ್ತೆ. ಬಂಪರು ಜಲ್ಲಿಯಲ್ಲೇ ಉಳಿಯಿತು. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಸೇತುವೆ ಕೆಲಸದ ಕಾವಲಿನವನು ಕೈ ಅಡ್ಡ ಹಿಡಿದ. ಹಾರನ್ ಮೇಲಿನ ಕೈ ತೆಗೆಯದೆ ಗೇಟು ದಾಟಿದೆ.

ಪಂಜರ ಆಗಲೇ ಗಾಳಿಯಲ್ಲಿತ್ತು. ಅದು ಓಲಾಡದಂತೆ ಕೆಳಗೆ ಇಬ್ಬರು ಹಗ್ಗ ಹಿಡಿದಿದ್ದರು. ಒಬ್ಬ ಹಾಲ್‌ನವನು, ಇನ್ನೊಬ್ಬ ಲಮಾಂಟ್.

“ಬಿಟ್ಟು ಓಡ್ರೋ!”

ಲಮಾಂಟ್ ನನ್ನತ್ತ ತಿರುಗಿ, ಏನೆಂದು ಕೇಳುವಂತೆ ಕಿವಿಗೆ ಕೈ ಹಚ್ಚಿದ.

ಪಂಜರ ಸೊಂಟದಲ್ಲಿ ಮಡಿಚಿಕೊಂಡಿತು. ಹಳೇ ಬುಟ್ಟಿಯ ಹಾಗೆ. ಸದ್ದು ಆಮೇಲೆ ಬಂತು.

ಹಾಲ್‌ನವನು ಬದುಕಿದ. ಬರಿಗೈಯಲ್ಲಿ ಕಬ್ಬಿಣ ಎಳೆಯುತ್ತಲೇ ಇದ್ದ. ಕೈಯಿಂದ ರಕ್ತ ಇಳಿಯುತ್ತಿತ್ತು. ಲಮಾಂಟ್ ಸತ್ತಿದ್ದಾನೆ ಅಂದರೂ ಅವನು ನಿಲ್ಲಿಸಲಿಲ್ಲ.

ವೆಂಡೆಲ್ ಕುಂಟುತ್ತ ನಡೆದು ಬಂದ. ನೋಡಿದ. ನನ್ನ ಮುಂದೆ ಎರಡೂ ಮುಂಗೈ ಚಾಚಿದ.

ಅಂತ್ಯಕ್ರಿಯೆಗೆ ವ್ರಾಬೆಲ್ ಬೆಂಚಿನವರನ್ನೆಲ್ಲ ಕರೆತಂದ. ಚರ್ಚಿನೊಳಗೆ ಹಿಂದುಗಡೆ ಟೋಪಿ ಕಳಚಿ ನಿಂತರು. ಟಾಲಿವರ್ ಅವರತ್ತ ನೋಡಲಿಲ್ಲ. ತಪ್ಪು ಅವರದಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ನೋಡಲಿಲ್ಲ ಅನ್ನಿಸುತ್ತದೆ.

ಲಮಾಂಟ್‌ನ ಖಾಲಿ ಜಾಗ ತುಂಬುವ ಹಕ್ಕು ಟಾಲಿವರ್‌ನದು. ಹೊರಗುಳಿದಿದ್ದ ಮೂವರ ಮನೆಗೂ ಹೋದ.

“ಏನಂದ್ರು?” ಕೇಳಿದೆ.

“ಒಬ್ಬ ಬಾಗ್ಲು ತೆಗೀಲಿಲ್ಲ. ಇಬ್ರು ತೆಗೆದು ಹಾಕ್ಕೊಂಡ್ರು.”

“ಮುಂದೆ?”

“ಈ ಸೇತುವೆ ಮುಗಿಸ್ತೀನಿ. ಆಮೇಲೆ ಟ್ರಕ್ಕಿನ ಮೇಲಿನ ಹೆಸರು ಒರೆಸಿ ಮಾರ್ತೀನಿ.”

ವ್ರಾಬೆಲ್ ಬೆಂಚಿನಿಂದ ಒಬ್ಬನನ್ನು ಎಬ್ಬಿಸಿ ಕಳಿಸಿದ. ಬಂದವನು ಯಾರ ಕಣ್ಣನ್ನೂ ನೋಡದೆ ತಂತಿ ಕೈಗೆತ್ತಿಕೊಂಡ. ಕೆಲಸ ಮುಂದುವರಿಯಿತು.

ಅವತ್ತು ಮಧ್ಯಾಹ್ನ ಪ್ರಾಧಿಕಾರದ ಸಾಹೇಬರ ಫೋನು ಬಂತು.

“ಡೊಲೊರೆಸ್, ಒಂದೇ ಮಾತಲ್ಲಿ ಹೇಳಿ. ಒಪ್ಪಂದ ಎಲ್ಲಾದ್ರೂ ಮುರಿದಿದೆಯಾ?”

“ಇಲ್ಲ ಸರ್” ಅಂದೆ. “ಅದೊಂದು ಮಾತ್ರ ಗಟ್ಟಿಯಾಗಿದೆ.”