ಸುಡದೆ ಉಳಿದ ಪಟ್ಟಿ

"ಅಜ್ಜಿ, ಸಾಹೇಬ್ರು ಎದ್ದಿದ್ದಾರಾ?"

ಬಾಗಿಲಲ್ಲಿ ನಿಂತವಳು ಕೆಳಗಿನ ಮಹಡಿಯ ಚರ್ಮದ ಕ್ಲಿನಿಕ್ಕಿನ ನರ್ಸು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಬಿಳಿ ಕೋಟನ್ನು ತೆಗೆಯುವುದಕ್ಕೂ ಮರೆತು ಹಾಗೇ ಮೆಟ್ಟಿಲು ಹತ್ತಿ ಬಂದಿದ್ದಳು.

"ಅವರು ಎದ್ದಿರೋದೇ ಅಪರೂಪ ಕಣಮ್ಮ. ಒಳಗೆ ಬಾ, ಮೊದಲು ನೀರು ಕುಡಿ" ಎಂದರು ಅಜ್ಜಿ.

ಆ ಕಟ್ಟಡದ ತಳದಲ್ಲಿ ಔಷಧಿ ಅಂಗಡಿ, ನಡುವೆ ಕ್ಲಿನಿಕ್ಕು, ಮೇಲೆ ಈ ಮುದಿ ಜೋಡಿ. ಸಾಹೇಬರು ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಓಣಿಯವರು ಅವರಿಗೆ ತೂಕಡಿಕೆ ಸಾಹೇಬರು ಎಂದೇ ಹೆಸರಿಟ್ಟಿದ್ದರು. ಬೀಗದ ಕೈ ಕಳೆದುಕೊಂಡವರಿಂದ ಹಿಡಿದು ಮಾನ ಕಳೆದುಕೊಂಡವರ ತನಕ ಎಲ್ಲರೂ ಮೇಲೆ ಹತ್ತಿ ಬರುತ್ತಿದ್ದರು. ಸಾಹೇಬರು ಬೆತ್ತದ ಕುರ್ಚಿಯಲ್ಲಿ ಒರಗಿ, ಮಡಿಸಿದ ಟವಲನ್ನು ಕಣ್ಣ ಮೇಲೆ ಹಾಕಿಕೊಂಡು ಎಲ್ಲವನ್ನೂ ಕೇಳುತ್ತಿದ್ದರು. ಕೇಳುತ್ತಿದ್ದಾರೋ ಗೊರಕೆ ಹೊಡೆಯುತ್ತಿದ್ದಾರೋ ಎಂಬುದು ಮದುವೆಯಾಗಿ ಇಷ್ಟು ಕಾಲವಾದರೂ ಅಜ್ಜಿಗೇ ಗೊತ್ತಾಗುತ್ತಿರಲಿಲ್ಲ. ಆ ಮಧ್ಯಾಹ್ನವೂ ಕಿಟಕಿಯ ತೆಳು ಪರದೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು, ಕೋಣೆಯ ಬೆಳಕು ಹಾಲಿನಲ್ಲಿ ಅದ್ದಿದ ಹಾಗಿತ್ತು.

ನರ್ಸು ಕುಳಿತು ಹೇಳಿದಳು. ಟೀವಿಯಲ್ಲಿ ವಾರ್ತೆ ಓದುವ ಕೆಲಸ ಸಿಕ್ಕಿದ್ದ ಹುಡುಗಿಯೊಬ್ಬಳು ಮೊಡವೆ ಕಲೆ ತೆಗೆಸಿಕೊಳ್ಳಲು ಬಂದಿದ್ದಳು. ಡಾಕ್ಟರಮ್ಮ ಹಣ್ಣಿನ ಆಮ್ಲದ ಪೀಲಿಂಗ್ ಮಾಡೋಣವೆಂದರು. ನಿನ್ನೆ ನರ್ಸು ಅದನ್ನು ಹಚ್ಚಿದಳು. ಹುಡುಗಿ ಉರಿ ಉರಿ ಎಂದು ಕಿರುಚಿದಳು, ಮುಖ ಕೆಂಪಗೆ ಊದಿ ಬೊಬ್ಬೆಯೆದ್ದಿತು.

"ತಟ್ಟೆ ಮೇಲೆ ಎರಡು ಬಾಟ್ಲಿ ಇತ್ತು ಅಜ್ಜಿ. ಒಂದು ಮೆತ್ತಗಿನದು, ಇನ್ನೊಂದು ಗಡುಸು. ಗಡುಸಿಂದನ್ನ ಅದಕ್ಕೆ ಮುಂಚೆ ಬಂದಿದ್ದ ಒಬ್ಬರಿಗೆ ಬಳಸಿ ಅಲ್ಲೇ ಇಟ್ಟಿದ್ದೆ. ನೀನು ಗಡುಸಿಂದೇ ಹಚ್ಚಿದೀಯ ಅಂತಾರೆ ಮೇಡಂ. ಆ ಹುಡುಗಿ ಅಕ್ಕ ನಾಳೆ ದೂರು ಕೊಡ್ತಾರಂತೆ. ಮುಖ ಸುಟ್ಟವಳು ಅಂತ ಹೆಸರು ಹೊತ್ಕೊಂಡು ಹೋದ್ರೆ ಇನ್ಯಾರು ನನ್ನ ಕೈಗೆ ರೋಗಿ ಕೊಡ್ತಾರೆ?"

"ನೀನು ಹಚ್ಚಿದ್ದು ಯಾವುದು?" ಟವಲಿನ ಕೆಳಗಿಂದ ದನಿ ಬಂತು.

"ಮೆತ್ತಗಿನದೇ ಸಾರ್. ಆಣೆ ಮಾಡ್ತೀನಿ."

"ಆಣೆ ಬೇಡ. ಆಸಿಡ್ ಸುಟ್ಟ ಕೇಸು ನೋಡಿದ್ದೀನಿ, ಗಡುಸಾದ್ರೆ ಚರ್ಮ ಬೆಳ್ಳಗಾಗುತ್ತೆ. ಹಚ್ಚಿದಾಗ ಮುಖ ಬೆಳ್ಳಗಾಯ್ತಾ?"

"ಇಲ್ಲ ಸಾರ್, ಕೆಂಪಾಯ್ತು. ಆಮ್ಲ ಇಳಿಸೋ ಅಡಿಗೆ ಸೋಡಾ ನೀರು ಹಾಕಿದ ಮೇಲೆ ಉರಿ ನಿಲ್ತು."

ಸಾಹೇಬರು ಟವಲು ತೆಗೆದು ಎದ್ದು ನಿಂತರು. "ಲೇ, ನನ್ನ ಚಪ್ಪಲಿ ಎಲ್ಲಿ?"

"ಕಾಲಲ್ಲೇ ಇದೆ ಕಣ್ರೀ" ಎಂದರು ಅಜ್ಜಿ.

ಕ್ಲಿನಿಕ್ಕಿನಲ್ಲಿ ತಂಪು ಬಿಳಿ ಪರದೆಗಳು, ಎಲ್ಲೋ ದೂರದಲ್ಲಿ ಗುನುಗುವ ಫ್ಯಾನು. ಅಲ್ಲಿ ನಡೆಯುವವರ ಹೆಜ್ಜೆಯೂ ಹತ್ತಿಯ ಮೇಲೆ ಬಿದ್ದಂತೆ ಕೇಳುತ್ತಿತ್ತು. ಡಾಕ್ಟರಮ್ಮ ಕೈ ಹಿಸುಕಿಕೊಳ್ಳುತ್ತಾ ಕುಳಿತಿದ್ದರು. ಅವರ ಬಾಯಿಂದಲೂ ಅದೇ ತಪ್ಪು ಬಾಟ್ಲಿಯ ಮಾತು ಬಂತು.

"ಈ ಪೀಲಿಂಗ್ ಅಂದ್ರೆ ಏನು, ನಮ್ಮಂಥವರಿಗೆ ತಿಳಿಯೋ ಹಾಗೆ ಹೇಳಮ್ಮ" ಎಂದರು ಸಾಹೇಬರು.

"ಚರ್ಮದ ಮೇಲ್ಪದರ ಇರುತ್ತಲ್ಲ ಸಾರ್, ಅದು ಸತ್ತ ಕಣಗಳದ್ದು. ಹಳೇ ಗೋಡೆಗೆ ಹೊಡೆದ ಸುಣ್ಣದ ಹಾಗೆ ಒಂದರ ಮೇಲೊಂದು ಅಂಟ್ಕೊಂಡಿರುತ್ತೆ. ಆಮ್ಲ ಆ ಅಂಟನ್ನ ಸಡಿಲ ಮಾಡುತ್ತೆ. ಕೆಲವು ದಿನದಲ್ಲಿ ಪದರ ತಾನಾಗೇ ಉದುರಿ ಕೆಳಗಿಂದ ಹೊಸದು ಬರುತ್ತೆ."

"ಹಾವು ಪೊರೆ ಬಿಟ್ಟ ಹಾಗೆ" ಎಂದರು ಅಜ್ಜಿ.

"ಹೂಂ, ಹಾಗೇ. ಮೊಡವೆ ಕಲೆ, ಕೆನ್ನೆ ಮೇಲೆ ಕಪ್ಪಾಗಿ ಹರಡೋ ಬಂಗು, ಬಿಸಿಲಿಗೆ ಆದ ಕಪ್ಪು, ಸಣ್ಣಪುಟ್ಟ ಗೆರೆ, ಇವಕ್ಕೆಲ್ಲ ಒಳ್ಳೇದು. ಜೋತು ಬಿದ್ದ ಚರ್ಮಕ್ಕೆ, ಮಚ್ಚೆಗೆ ಏನೂ ಪ್ರಯೋಜನ ಇಲ್ಲ."

"ಹಾಗಾದ್ರೆ ನಮ್ಮಿಬ್ಬರಿಗೂ ಬೇಡ ಬಿಡಿ" ಎಂದರು ಅಜ್ಜಿ.

ಡಾಕ್ಟರಮ್ಮ ನಗಲಿಲ್ಲ. "ನಮ್ಮ ಬಣ್ಣದ ಚರ್ಮಕ್ಕೆ ನಿಧಾನವೇ ಸರಿ. ಜೋರು ಮಾಡಿದ್ರೆ ಕಲೆ ಹೋಗೋ ಬದಲು ಇನ್ನೂ ಕಪ್ಪಾಗುತ್ತೆ. ಅದಕ್ಕೇ ಮೆತ್ತಗಿನ ಆಮ್ಲ, ಬಿಡುವು ಕೊಟ್ಟು ಕೊಟ್ಟು ಐದಾರು ಸಲ ಅಂತ ಹೇಳಿದ್ದೆ. ಗಡುಸಿಂದನ್ನ ಮೊಡವೆಯಿಂದಾದ ಆಳವಾದ ಕುಳಿಗಳಿಗೆ ಮಾತ್ರ, ಕಡ್ಡಿ ತುದೀಲಿ ಚುಕ್ಕೆ ಇಟ್ಟ ಹಾಗೆ ಇಡ್ತೀವಿ. ಇಟ್ಟ ಕ್ಷಣ ಅಲ್ಲಿ ಇಬ್ಬನಿ ಕೂತ ಹಾಗೆ ಬೆಳ್ಳಗಾಗುತ್ತೆ."

"ಪೀಲಿಂಗ್‌ಗೆ ಮುಂಚೆ ರೋಗಿ ಏನು ಮಾಡಬೇಕು?"

"ಚರ್ಮ ಸುಲಿಯೋ ಜಾತಿ ರಾತ್ರಿ ಕ್ರೀಮು ಯಾವುದಿದ್ರೂ ಒಂದು ವಾರ ಮುಂಚೆ ನಿಲ್ಲಿಸಬೇಕು. ಈ ಹುಡುಗಿ ಅಂಥದ್ದು ಹಚ್ಚೋದೇ ಇಲ್ಲ ಅಂದ್ಳು. ಸಾದಾ ಕೋಲ್ಡ್ ಕ್ರೀಮು ಮಾತ್ರ ಅಂದ್ಳು, ಅದು ಪರವಾಗಿಲ್ಲ ಅಂದೆ."

ರಾತ್ರಿ ಅಲ್ಲೇ ಉಳಿಸಿಕೊಂಡಿದ್ದ ಹುಡುಗಿ ಒಳಕೋಣೆಯ ಮಂಚದ ಮೇಲೆ ಮಲಗಿದ್ದಳು. ಹಣೆ, ಗಲ್ಲ, ಮೂಗಿನ ತುದಿ ಎಲ್ಲ ಹಸಿ ಕೆಂಪು. ಆದರೆ ಕಣ್ಣಿನ ಸುತ್ತ, ಮೂಗಿನ ದಿಂಡಿನ ಮೇಲೆ, ಕೆನ್ನೆಯ ಮೇಲ್ಭಾಗದಲ್ಲಿ ಚರ್ಮ ಮೊದಲಿನ ಹಾಗೇ ತಣ್ಣಗಿತ್ತು. ಅಲ್ಲಿಂದ ಎರಡೂ ಕಡೆ ಕಿವಿಯ ತನಕ ಬೆರಳಗಲದ ಒಂದು ಪಟ್ಟಿ, ಯಾರೋ ರಿಬ್ಬನ್ ಎಳೆದು ಬಿಟ್ಟಂತೆ.

"ಕನ್ನಡಕ ಹಾಕ್ತೀಯೇನಮ್ಮ?" ಎಂದು ಅಜ್ಜಿ ಕೇಳಿದರು.

"ಇಲ್ಲ ಅಜ್ಜಿ."

"ಆ ಜಾಗಕ್ಕೆ ಹಚ್ಚದೇ ಬಿಟ್ಟಿದ್ಯಾ?" ಎಂದು ಸಾಹೇಬರು ನರ್ಸಿನ ಕಡೆ ತಿರುಗಿದರು.

"ರೆಪ್ಪೆ ಬಿಟ್ಟು ಎಲ್ಲಾ ಕಡೆ ಹಚ್ಚಿದ್ದೆ ಸಾರ್. ಮೇಡಂ ಪಕ್ಕದಲ್ಲೇ ಇದ್ರು." ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಅಕ್ಕ ಬಂದಳು. ಅವ್ವ ಅಪ್ಪ ಇಲ್ಲದ ತಂಗಿಯನ್ನು ಹೊಲಿಗೆ ಮಿಷನ್ನು ತುಳಿದು ಸಾಕಿದವಳು. ಅಜ್ಜಿಯ ಮನೆಯ ದಿಂಬಿನ ಚೀಲಗಳೆಲ್ಲ ಅವಳು ಹೊಲಿದದ್ದೇ. ಪ್ರತಿ ಅಂಚಿಗೂ ಎರಡು ಸಲ ಹೊಲಿಗೆ, ಬಟ್ಟೆ ಹರಿದರೂ ಹೊಲಿಗೆ ಬಿಚ್ಚುತ್ತಿರಲಿಲ್ಲ.

"ಇನ್ನೂ ಇಲ್ಲೇ ಇದ್ದಾಳಾ ಈ ಪುಣ್ಯಾತಗಿತ್ತಿ?" ಅಕ್ಕ ನರ್ಸಿನತ್ತ ಕೈ ತೋರಿದಳು. "ನನ್ನ ಮಗು ಮುಖ ಹಾಳು ಮಾಡಿ ಸೋಡಾ ನೀರು ಚಿಮುಕಿಸ್ತಾಳಂತೆ ಸೋಡಾ ನೀರು!"

"ಕೂತ್ಕೊಳ್ಳಿ ಅಕ್ಕ" ಎಂದ ಡಾಕ್ಟರಮ್ಮ ಅವಳ ಮುಖ ನೋಡಿ ಹುಬ್ಬು ಗಂಟಿಕ್ಕಿದರು. "ಅಲ್ಲ, ನಿಮ್ಮ ಬಂಗು ಎಲ್ಲಾ ತಿಳಿಯಾಗಿತ್ತಲ್ಲ. ಮತ್ತೆ ಇಷ್ಟು ಕಪ್ಪಾಗಿದೆ? ನಾನು ಕೊಟ್ಟ ರಾತ್ರಿ ಕ್ರೀಮು ಬಿಟ್ಬಿಟ್ರಾ?"

"ನನ್ನ ಬಂಗಿಗೇನು ಈಗ? ಅವಳ ಮುಖ ನೋಡಿ!"

ಸಾಹೇಬರು ಹುಡುಗಿಯ ಪಕ್ಕ ಕುಳಿತು, ಊರು ಮನೆ ವಿಚಾರಿಸುವ ದನಿಯಲ್ಲಿ ಕೇಳಿದರು. "ನಿದ್ದೆ ಬರುತ್ತೇನಮ್ಮ?"

"ಚೆನ್ನಾಗಿ ಬರುತ್ತೆ ತಾತ. ಅಕ್ಕ ದೀಪ ಹಾಕ್ಕೊಂಡು ಹೊಲೀತಾನೇ ಇರ್ತಾಳೆ, ಆದ್ರೂ ನಾನು ಕೊರಡಿನ ಹಾಗೆ ಮಲಗ್ತೀನಿ."

"ಕಣ್ಣಿಗೆ ಬೆಳಕು ಹೊಡಿಯಲ್ವಾ?"

"ಅದಕ್ಕೆ ಅಕ್ಕನೇ ಒಂದು ಉಪಾಯ..."

"ಅವಳನ್ನ ಮಾತಾಡಿಸಬೇಡಿ, ಮುಖ ಎಳೆಯುತ್ತೆ" ಎಂದು ಅಕ್ಕ ನಡುವೆ ಬಂದಳು.

ಸಾಹೇಬರು ಹೊರಗಿನ ಬೆಂಚಿಗೆ ಬಂದು, ಟವಲು ಮಡಿಸಿ ಕಣ್ಣ ಮೇಲೆ ಹಾಕಿಕೊಂಡು ಮಲಗಿಯೇಬಿಟ್ಟರು. ಕಾಯುತ್ತಿದ್ದ ರೋಗಿಗಳು ಮುಸಿಮುಸಿ ನಕ್ಕರು. ಅಜ್ಜಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೊತ್ತು ಜಾರಿತು. ಪರದೆಯ ಮೇಲೆ ಬಿಸಿಲು ಹಳದಿಯಾಗಿ, ಹಳದಿ ಕಿತ್ತಳೆಯಾಗಿ, ಫ್ಯಾನಿನ ಗುನುಗು ಅಜ್ಜಿಯ ರೆಪ್ಪೆಯನ್ನೂ ಭಾರ ಮಾಡಿತು. ಅರೆನಿದ್ದೆಯಲ್ಲಿ ಅವರಿಗೆ ಆ ತಣ್ಣನೆಯ ಪಟ್ಟಿ ಕಂಡಿತು, ಕೆಂಪು ನೀರಿನ ಮೇಲೆ ತೇಲುವ ದೋಣಿಯ ಹಾಗೆ.

ಬೆಚ್ಚಿ ಕಣ್ಣು ಬಿಟ್ಟಾಗ ಸಾಹೇಬರು ಎದ್ದು ಕುಳಿತಿದ್ದರು. ಅವರ ಕಣ್ಣಿನ ಸುತ್ತ ಟವಲಿನ ಅಚ್ಚು ಒತ್ತಿತ್ತು, ಕೆನ್ನೆಯ ಮೇಲಿಂದ ಕಿವಿಯ ತನಕ.

"ರೀ!" ಎಂದರು ಅಜ್ಜಿ. "ನಿಮ್ಮ ಮುಖದ ಮೇಲೆ..."

"ಗೊತ್ತಾಯ್ತಾ? ಸರಿ, ಎಲ್ಲರನ್ನೂ ಕರಿ."

ಒಳಕೋಣೆಯಲ್ಲಿ ಎಲ್ಲರೂ ಸೇರಿದರು. ಸಾಹೇಬರು ಆತುರವಿಲ್ಲದೆ ಶುರು ಮಾಡಿದರು.

"ಮೊದಲು ಬಾಟ್ಲಿ ವಿಚಾರ. ಗಡುಸಿನ ಆಮ್ಲ ಹಚ್ಚಿದ್ರೆ ಚರ್ಮ ಬೆಳ್ಳಗಾಗಬೇಕಿತ್ತು, ಇಲ್ಲಿ ಬರೀ ಕೆಂಪು. ಡಾಕ್ಟರಮ್ಮ, ಆ ಆಮ್ಲ ಸೋಡಾ ನೀರಿಗೆ ಬಗ್ಗುತ್ತಾ?"

"ಇಲ್ಲ ಸಾರ್. ಅದು ಕೆಲಸ ಮುಗಿಸೇ ನಿಲ್ಲೋದು." ಡಾಕ್ಟರಮ್ಮ ತಲೆ ತಗ್ಗಿಸಿದರು. "ಗಾಬರೀಲಿ ನನಗೆ ಅದು ಹೊಳೀಲೇ ಇಲ್ಲ."

"ಇಲ್ಲಿ ಸೋಡಾ ನೀರಿಗೆ ಉರಿ ನಿಂತಿದೆ. ಜೊತೆಗೆ, ತಪ್ಪು ಬಾಟ್ಲಿಯೇ ಆಗಿದ್ರೆ ಕಣ್ಣ ಸುತ್ತ ಇರೋ ತೆಳು ಚರ್ಮ ಮೊದಲು ಬೇಯಬೇಕು. ಅದೇ ಉಳಿದಿದೆ. ಒಂದೇ ಬಾಟ್ಲಿ, ಒಂದೇ ಕೈ, ಒಂದು ಕಡೆ ಸುಟ್ಟಿದೆ ಇನ್ನೊಂದು ಕಡೆ ಇಲ್ಲ. ಅಂದ್ಮೇಲೆ ಬೇರೆಯಾಗಿದ್ದದ್ದು ಆಮ್ಲ ಅಲ್ಲ, ಚರ್ಮ. ಪಟ್ಟಿ ಬಿಟ್ಟು ಉಳಿದ ಕಡೆಯೆಲ್ಲ ಯಾರೋ ಮೊದಲೇ ಚರ್ಮ ಸವೆಸಿದ್ರು. ಮಗಳೇ, ಮಲಗೋವಾಗ ಕಣ್ಣಿಗೆ ಕಟ್ಕೊಳ್ತೀಯಲ್ಲ, ಅದು ಇದೆಯಾ?"

ಹುಡುಗಿ ಚೀಲದಿಂದ ಕಪ್ಪು ಮಕಮಲ್ಲಿನ ಕಣ್ಣುಪಟ್ಟಿಯೊಂದನ್ನು ತೆಗೆದಳು. ಅಂಚಿಗೆ ಎರಡು ಸಲ ಹೊಲಿಗೆ. ಸಾಹೇಬರು ಅದನ್ನು ಅವಳ ಮುಖಕ್ಕೆ ತಾಗದಂತೆ ಮೇಲೆ ಹಿಡಿದರು. ಸುಡದ ಜಾಗವೂ ಮಕಮಲ್ಲೂ ಒಂದರ ಮೇಲೊಂದು ಬೀಗಕ್ಕೆ ಕೀಲಿಯಂತೆ ಕೂತವು.

"ಇದನ್ನ ಕಟ್ಕೊಂಡ ಮೇಲೆ ಮುಖಕ್ಕೆ ಕ್ರೀಮು ಹಚ್ಚೋರು ಯಾರು?"

"ಅಕ್ಕ" ಎಂದಳು ಹುಡುಗಿ. "ಚಿಕ್ಕಂದಿನಿಂದ ಅವಳೇ. ಅವಳು ಹಚ್ಚಿ ಮುಗಿಸೋದ್ರೊಳಗೆ ನನಗೆ ನಿದ್ದೆ ಬಂದಿರುತ್ತೆ."

"ಆ ಕೋಲ್ಡ್ ಕ್ರೀಮಿನ ಡಬ್ಬಿ ಎಲ್ಲಿ?"

"ಖಾಲಿಯಾಯ್ತು. ಬಿಸಾಕ್ದೆ" ಎಂದಳು ಅಕ್ಕ.

"ಅರ್ಧ ಇತ್ತಲ್ಲಕ್ಕಾ?"

ಅಕ್ಕನ ಮುಖದ ಬಂಗು ಇನ್ನೂ ಕಪ್ಪಾದಂತೆ ಕಂಡಿತು. ಸಾಹೇಬರು ದನಿ ಇಳಿಸಿದರು. "ತಿಳಿಯಾಗಿದ್ದ ಬಂಗು ಮತ್ತೆ ಕಪ್ಪಾಗಿದೆ, ಯಾಕಂದ್ರೆ ನಿನ್ನ ಕ್ರೀಮು ನಿನ್ನ ಮುಖಕ್ಕೆ ಹೋಗ್ತಿರಲಿಲ್ಲ. ಅವಳ ಡಬ್ಬಿಗೆ ಹೋಗ್ತಿತ್ತು. ಅಲ್ವೇನಮ್ಮ?"

ಅಕ್ಕ ಗೋಡೆ ಹಿಡಿದು ಕೆಳಗೆ ಕುಳಿತಳು.

"ಐದಾರು ಸಲ ಬೇಕು ಅಂದ್ರು" ಎಂದಳು. "ಅಷ್ಟು ದಿನ ಎಲ್ಲಿತ್ತು? ಟೀವಿಯವರು ಕಾಯ್ತಾರಾ? ನನ್ನ ಬಂಗು ತೆಗೆದ ಕ್ರೀಮು ಅವಳ ಕಲೆ ತೆಗೆಯಲ್ವಾ ಅಂತ... ಎರಡೂ ಸೇರಿದ್ರೆ ಒಂದೇ ಸಲಕ್ಕೆ ಆಗುತ್ತೆ ಅಂದ್ಕೊಂಡೆ. ನಿನ್ನೆ ಅವಳು ಕಿರುಚಿದಾಗ ನನಗೆ ಗೊತ್ತಾಯ್ತು. ಗೊತ್ತಾಗಿಯೂ ತಪ್ಪನ್ನ ಈ ನರ್ಸಮ್ಮನ ಮೇಲೆ ಹಾಕ್ದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ಯಲ್ಲೇ" ಎಂದರು ಅಜ್ಜಿ, ಆದರೆ ದನಿಯಲ್ಲಿ ಸಿಟ್ಟು ನಿಲ್ಲಲಿಲ್ಲ. ಅವರ ಕಣ್ಣು ಆ ಕಪ್ಪು ಮಕಮಲ್ಲಿನ ಮೇಲಿತ್ತು. ಸುಟ್ಟದ್ದೂ ಅದೇ ಕೈ, ಸುಡದಂತೆ ಕಾದದ್ದೂ ಅದೇ ಕೈ.

"ಅಕ್ಕಾ" ಎಂದಳು ಹುಡುಗಿ, ಮುಖ ಅಲುಗಿಸದೆ. "ನನ್ನ ಕೇಳಬೇಕಿತ್ತು ನೀನು."

ಅಕ್ಕ ನರ್ಸಿನ ಕಾಲ ಕಡೆ ಬಾಗಿದಳು. ನರ್ಸು ಹಿಂದೆ ಸರಿದಳು. "ಕಾಲು ಬೇಡ. ಆಚೆ ಕೂತಿದ್ದಾರಲ್ಲ, ಅವರಿಗೆಲ್ಲ ಕೇಳೋ ಹಾಗೆ ನನ್ನ ಬೈದಿದ್ರಿ. ಅವರೆಲ್ಲರ ಮುಂದೇನೇ ಹೇಳಿ."

ಅಕ್ಕ ಎದ್ದು ಹೊರಗೆ ಹೋದಳು. ಬೆಂಚುಗಳ ಗುಜುಗುಜು ಅಡಗಿತು. ಅವಳು ಹೇಳಿದ್ದು ಒಳಗಿನ ತನಕ ಕೇಳಿಸಿತು, ಒಂದು ಮಾತೂ ನುಂಗಲಿಲ್ಲ. ಅವಳ ಬೆನ್ನ ಹಿಂದೆಯೇ ಡಾಕ್ಟರಮ್ಮನೂ ಹೋಗಿ, ನರ್ಸಿನ ತಪ್ಪಿಲ್ಲ, ನಾನು ಅವಸರಪಟ್ಟೆ ಎಂದರು. ಬಂದು ಹುಡುಗಿಯ ಕೈ ಹಿಡಿದು, ವಾಸಿಯಾಗುತ್ತೆ, ಬಿಸಿಲಿಗೆ ಹೋಗಬೇಡ, ತಡವಾಗುತ್ತೆ ಅಷ್ಟೇ, ಟೀವಿಯವರಿಗೆ ನಾನೇ ಹೇಳ್ತೀನಿ ಎಂದರು.

ಮರಳಿ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ತನ್ನ ಎರಡೂ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದವಳಂತೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನರ್ಸು ಅದನ್ನು ನೋಡಿದಳು. ಆಮೇಲೆ ಮುಲಾಮಿನ ಟ್ಯೂಬು ತಂದು, ಅಕ್ಕನ ಒಂದು ಕೈಯನ್ನು ಸೆರಗಿನಿಂದ ಎಳೆದು, ಬೆರಳ ತುದಿಗೆ ಕಡಲೆಕಾಳಿನಷ್ಟು ಹಿಂಡಿದಳು.

"ಒರೆಸಬಾರದು, ಉಜ್ಜಬಾರದು. ಹೀಗೆ ಸುಮ್ನೆ ಮುಟ್ಟಿಸಬೇಕು."

ಅಕ್ಕ ಬೆರಳನ್ನೇ ದಿಟ್ಟಿಸಿದಳು. "ಇಷ್ಟೇನಾ?"

"ಇಷ್ಟೇ."

"ಸಾಕಾಗುತ್ತಾ?"

"ಸಾಕು ಅಕ್ಕ."

ಹುಡುಗಿ ಕಣ್ಣು ಮುಚ್ಚಿದಳು. ಅಕ್ಕನ ಬೆರಳು ಅವಳ ಹಣೆಯ ಮೇಲೆ ಎಲೆ ಇಳಿದಂತೆ ಇಳಿಯಿತು. ಅಜ್ಜಿ ಏನೋ ಹೇಳಲೆಂದು ಸಾಹೇಬರತ್ತ ತಿರುಗಿದರು. ಅವರು ಕುರ್ಚಿಯಲ್ಲಿ ಒರಗಿದ್ದರು, ಟವಲು ಕಣ್ಣ ಮೇಲಿತ್ತು. ಈ ಸಲ ಅದು ಗೊರಕೆಯೇ ಎಂದು ಅಜ್ಜಿಗೆ ಸಂಶಯವಿರಲಿಲ್ಲ.