ತೀರ್ಥವಲ್ಲ, ನೀರು

“ಏಳ್ರಿ ಮ್ಯಾಲ! ಏಳ್ರಿ ಅಂದ್ರ...!”

ಸುಂಕಮ್ಮ ಗಾಬರಿಯಿಂದ ಹಿಂದಕ್ಕೆ ಸರಿದಳು. ಕೂಡ್ಲಿಗಿಯಾಚೆಯ ಗುಡ್ಡದ ಬುಡದಲ್ಲಿ, ಹುಣಸೆಮರದ ಕೆಳಗೆ, ಎಂದೂ ಕಾಣದ ಗಂಡಸೊಬ್ಬ ಅವಳ ಪಾದಕ್ಕೆ ಹಣೆಯಿಟ್ಟು ಬಿದ್ದಿದ್ದ. ಅವಳ ಕೊರಳಿನ ಮುತ್ತಿನ ಸರ ಅವನ ಕಣ್ಣಿಗೆ ಬಿದ್ದಿತ್ತು. ಅಷ್ಟೇ ಸಾಕಾಗಿತ್ತು.

“ಮುತ್ತು ಕಟ್ಟಿದೋರಲ್ರಿ ಅಮ್ಮಾ... ಆಶೀರ್ವಾದ ಮಾಡ್ರಿ.”

“ನಾನೇನು ಗುಡಿಯೇನ್ರಿ? ಸುತ್ತು ಹಾಕೋದೊಂದು ಉಳದೈತಿ ನೋಡ್ರಿ, ಅದನ್ನೂ ಹಾಕಿಬಿಡ್ರಿ!”

ಅವನು ಎದ್ದ. ಮಂಡಿಯ ಮಣ್ಣನ್ನು ಸಹ ಕೊಡವದೆ ನಿಂತ. ತೆಲಿಗಿಯ ಮೌನೇಶ, ಆ ಗುಡ್ಡದ ಸಸಿಗಳನ್ನು ಸಾಕುವ ಕೆಲಸದವನು. ಕಣ್ಣಿನಲ್ಲಿ ಕಪಟವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

‘ಇವನೂ ಹಾಗೆಯೇ... ಕಣ್ಣಿಗೆ ಕಾಣುವುದು ಸರ ಮಾತ್ರ. ಸರದೊಳಗಿನ ಹೆಂಗಸು ಕಾಣುವುದಿಲ್ಲ.’

ಅವಳನ್ನು ಹುಡುಗನೆಂದು ಬೆಳೆಸಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಅವಳು ತಾಯಿಯ ಸೀರೆ ಉಟ್ಟು ಅಂಗಳಕ್ಕೆ ಬಂದಳು. ಎಂಟೇ ದಿನಗಳಲ್ಲಿ ಮನೆಯವರು ಮುತ್ತು ಕಟ್ಟಿಸಿ, ದೇವಿ ಉಚ್ಚಂಗೆಮ್ಮ ಇವಳನ್ನು ಹಿಡಿದಿದ್ದಾಳೆಂದು ಊರಿಗೆ ಸಾರಿದರು. ಮಗ ಸೀರೆ ಉಟ್ಟರೆ ಅವಮಾನ, ಜೋಗಪ್ಪನಾದರೆ ಪುಣ್ಯ! ಅಂದಿನಿಂದ ಜನ ಮಂಗಳವಾರ ಅವಳ ಕಾಲಿಗೆ ಬೀಳುತ್ತಿದ್ದರು, ಬುಧವಾರ ಅವಳು ಮುಟ್ಟಿದ ಲೋಟವನ್ನು ಬೇರೆ ಇಡುತ್ತಿದ್ದರು. ಸೋದರಮಾವ ಪಾಲಾಕ್ಷಪ್ಪನಂತೂ ಮಗನ ಮದುವೆಯಲ್ಲಿ ಅವಳಿಂದ ಅಕ್ಷತೆ ಹಾಕಿಸಿಕೊಂಡು, ಊಟದ ಎಲೆಯನ್ನು ದನದ ಕೊಟ್ಟಿಗೆಯ ಮುಂದೆ ಹಾಕಿಸಿದ್ದ. ಹಣೆಯ ತುಂಬ ವಿಭೂತಿ, ಎದೆಯಲ್ಲಿ ಒಂದು ಹಿಡಿ ಕರುಣೆಯಿಲ್ಲ. ಇಂಥವರು ಏರಿಸಿದ ಹೂವನ್ನು ಉಚ್ಚಂಗೆಮ್ಮ ಹೇಗೆ ಸಹಿಸುತ್ತಾಳೋ, ಆ ತಾಯಿಗೇ ಗೊತ್ತು.

ಈಗ ಅವಳು ಕೊಟ್ಟೂರಿನಲ್ಲಿ ರವಿಕೆ ಹೊಲಿದು ಬದುಕುತ್ತಿದ್ದಳು. ಸುಂಕಮ್ಮ ಎನ್ನುವುದು ಅವಳ ಅಜ್ಜಿಯ ಹೆಸರು, ಅವಳೇ ಆರಿಸಿಕೊಂಡದ್ದು. ತಾಯಿ ಹಂಪಕ್ಕ ಆ ಹೆಸರಿನಿಂದ ಒಮ್ಮೆಯೂ ಕರೆದಿರಲಿಲ್ಲ. ಒಂದು ಸಲ ಕರೆಸಿಕೊಳ್ಳಬೇಕೆಂಬ ಆಸೆಯಿಂದಲೇ ಅವಳು ತಾಯಿಯನ್ನು ಈ ಗುಡ್ಡಕ್ಕೆ ಕರೆತಂದಿದ್ದಳು.

ಅಲ್ಲಿ ಕ್ರಾಂತಿ ಎಂಬ ಆಪ್ತಸಮಾಲೋಚಕಿ ಭಾನುವಾರಗಳಂದು ಇಂಥ ಮಕ್ಕಳನ್ನೂ ಅವರ ಮನೆಯವರನ್ನೂ ಗುಡ್ಡ ಹತ್ತಿಸುತ್ತ ಮಾತಾಡಿಸುತ್ತಿದ್ದಳು. ಕೋಣೆಯಿಲ್ಲ, ಮೇಜಿಲ್ಲ. ನಾಲ್ಕು ಗೋಡೆಯೊಳಗೆ ಮುಖ ನೋಡಲಾರದವರು ಏರುದಾರಿಯಲ್ಲಿ ಪಕ್ಕಪಕ್ಕ ನಡೆದಾರು ಎಂಬುದು ಅವಳ ನಂಬಿಕೆ. ಒಂದೇ ಒಂದು ನೇಮವಿತ್ತು. ದಾರಿಯಲ್ಲಿ ಯಾರನ್ನಾದರೂ ಅವರು ಒಲ್ಲದ ಹೆಸರಿನಿಂದ ಕರೆದವರು ಹುಣಸೆಮರಕ್ಕೆ ಮರಳಿ, ಮೊದಲಿನಿಂದ ಹತ್ತಬೇಕು.

ಹಂಪಕ್ಕ ಮೊದಲ ತಿರುವಿನಲ್ಲೇ ಹಳೆಯ ಹೆಸರು ಹಿಡಿದು ಕೂಗಿದಳು.

“ಕೆಳಗ ನಡೀರಿ ಅಕ್ಕ,” ಎಂದು ಕ್ರಾಂತಿ ನಕ್ಕಳು. “ನಾನೂ ಬರ್ತೀನಿ, ಒಬ್ಬರನ್ನೇ ಕಳಸಂಗಿಲ್ಲ.”

“ಹೆತ್ತಾಕಿಗೇ ಶಿಕ್ಷಾ ಏನು? ಚಲೋ ಐತಿ ನಿನ್ನ ಸಾಲಿ!”

ನೀರಿನ ತಂಬಿಗೆ ಹೊತ್ತು ಹಿಂದೆ ಬರುತ್ತಿದ್ದ ಮೌನೇಶ, “ಅಮ್ಮಾ, ಕಲ್ಲು ಜಾರ್ತಾವ್ರಿ,” ಎಂದು ಸುಂಕಮ್ಮನಿಗೆ ಕೈಮುಗಿದ.

“ನೀನೂ ಇಳಿಯಪ್ಪ ಮೌನೇಶ,” ಎಂದಳು ಕ್ರಾಂತಿ. “ಆಕಿನ್ನ ದೇವಿ ಮಾಡಿದ್ರೂ ತಪ್ಪು, ಮಗ ಮಾಡಿದ್ರೂ ತಪ್ಪು.”

ಸುಂಕಮ್ಮನಿಗೆ ನಗು ತಡೆಯಲಾಗಲಿಲ್ಲ.

ಹೀಗೆ ಮೂರು ತಿಂಗಳು ಕಳೆದವು. ಮೌನೇಶ ‘ಅಮ್ಮಾ’ ಎನ್ನುವುದನ್ನು ಬಿಟ್ಟ, ಆದರೆ ಹೆಸರು ಹಿಡಿದೂ ಕರೆಯಲಿಲ್ಲ. ಅವಳು ಕೂರುವ ಬಂಡೆಯನ್ನು ಗುಡಿಸಿಡುತ್ತಿದ್ದ. ಮಾಗಿದ ಸೀತಾಫಲ ತಂದಿಡುತ್ತಿದ್ದ. ಕೂತರೆ ಮಾತ್ರ ಮಾರು ದೂರ! ಅವಳ ಕಣ್ಣು ಈಗ ಪ್ರತಿ ಭಾನುವಾರ ಮೊದಲು ಅವನನ್ನೇ ಹುಡುಕುತ್ತಿತ್ತು... ಯಾಕೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಒಂದು ದಿನ ಧೈರ್ಯ ಮಾಡಿ ತನ್ನ ತಂಬಿಗೆಯನ್ನು ಅವನತ್ತ ಚಾಚಿದಳು.

ಅವನು ಬೊಗಸೆ ಒಡ್ಡಿದ. ಒಂದು ಗುಟುಕು ಕುಡಿದು, ಉಳಿದ ಹನಿಗಳನ್ನು ಕಣ್ಣಿಗೆ, ನೆತ್ತಿಗೆ ಹಚ್ಚಿಕೊಂಡ.

ಅವಳ ಮುಖ ಕಪ್ಪಿಟ್ಟಿತು.

“ತೀರ್ಥ ಮಾಡಿದ್ರೇನು? ಥೂ ನಿಮ್ಮ ಭಕ್ತಿಗೆ! ಆ ಪಾಲಾಕ್ಷಪ್ಪ ಎಲಿ ದೂರ ಹಾಕಿದ, ನೀವು ತುಟಿ ದೂರ ಇಟ್ರಿ. ಏನು ಫರಕ್ ಐತಿ?”

“ಹಂಗಲ್ರಿ...”

“ಹೆಂಗೂ ಬ್ಯಾಡ!”

ಅವನು ತಲೆ ತಗ್ಗಿಸಿ ಸಸಿಗಳತ್ತ ಹೋದ. ದೇವಿಗೆ ಮೀಸಲಾದವಳನ್ನು ಮನುಷ್ಯ ಬಯಸಿದರೆ ಪಾಪವೆಂದು ಅವನ ಹಿರಿಯರು ಹೇಳಿಕೊಟ್ಟಿದ್ದರು. ಅವನಾದರೋ ಅವಳನ್ನು ಬಯಸಿಬಿಟ್ಟಿದ್ದ!

ಮುಂದಿನ ಭಾನುವಾರ ಹಂಪಕ್ಕ ಮೂರು ಸಲ ತಪ್ಪಿದಳು, ಮೂರು ಸಲ ಇಳಿದಳು. ಮೂರನೆಯ ಸಲ ಹುಣಸೆಯ ಬೇರಿನ ಮೇಲೆ ಕುಸಿದು ಕೂತಳು. ಜೊತೆಗಿಳಿದ ಕ್ರಾಂತಿ ಕೈ ಕೊಡದೆ ಮೇಲಕ್ಕೆ ಬೆರಳು ತೋರಿದಳು. ಮಂಡಿ ನೋಯುತ್ತಿತ್ತು, ಮೇಲೆ ಮಗಳು ನಿಂತಿದ್ದಳು. ಮುದುಕಿಗೆ ಕರೆಯಲು ಬೇರೆ ಯಾರಿದ್ದರು?

“ಸುಂಕಮ್ಮಾ...! ಕೈ ಹಿಡಿ ಬಾರವ್ವ, ಹತ್ತಾಕ ಆಗವಲ್ದು.”

ಅವಳು ಓಡಿಬಂದಳು. ಚಪ್ಪಲಿ ದಾರಿಯಲ್ಲೇ ಉಳಿಯಿತು. ತಾಯಿ ಅವಳ ಕೊರಳಿನ ಸರವನ್ನು ಹಿಡಿದುಕೊಂಡು ಅತ್ತಳು.

“ದೇವಿ ನಿನ್ನ ಕರೀಲಿಲ್ಲವ್ವ. ಮನಿ ಮಾನ ಹೋಗ್ತೈತಿ, ಮುತ್ತು ಕಟ್ಟಿಸು ಅಂತ ಪಾಲಾಕ್ಷ ಅಂದ. ನಾ ದೇವಿ ಹೆಸರಿಲೆ ಸುಳ್ಳು ಹೇಳಿದೆ... ನೀನು ಹರಕಿ ಹೊತ್ತಾಕಿನೂ ಅಲ್ಲ.”

“ಗೊತ್ತೈತವ್ವ.”

“ಗೊತ್ತಿದ್ದೂ ಸರ ಹಾಕ್ಕೊಂಡಿಯೇನು?”

“ಉಚ್ಚಂಗೆಮ್ಮ ಏನು ಸುಳ್ಳು ಹೇಳ್ಯಾಳೇನು? ಆಕಿನ್ನ ನಾನು ಬಿಡಂಗಿಲ್ಲ. ನಿಮ್ಮ ಪಾಲಾಕ್ಷಪ್ಪನ್ನ ಬಿಟ್ಟೆ.”

ಸಸಿಗೆ ನೀರುಣಿಸುತ್ತಿದ್ದ ಮೌನೇಶನ ಕೈ ಒಂದೇ ಸಸಿಯ ಮೇಲೆ ನಿಂತು, ನೀರು ಸುರಿಯುತ್ತಲೇ ಇತ್ತು. ಎಲ್ಲವನ್ನೂ ಕೇಳಿದ್ದ. ಹಂಪಕ್ಕನೇ ಅವನನ್ನು ನೋಡಿ, “ಏನಪ್ಪಾ, ಸಸಿ ಮುಳುಗಿಸ್ತಿಯೇನು? ಹೋಗು, ಆಕಿ ಚಪ್ಪಲಿ ತಂದುಕೊಡು,” ಎಂದಳು.

ಅವನು ತಂದ. ಬಗ್ಗಿ ಅವಳ ಪಾದದ ಮುಂದಿಟ್ಟ. ಈ ಸಲ ಹಣೆ ಮುಟ್ಟಿಸಲಿಲ್ಲ. ಎದ್ದು ಅವಳ ಕಣ್ಣನ್ನೇ ನೋಡಿದ.

“ಸುಂಕಮ್ಮ... ಬಾಯಾರೈತಿ.”

ಅವಳು ತಂಬಿಗೆ ಚಾಚಿದಳು.

“ತೀರ್ಥ ಅಲ್ರಿ ಇದು. ನೀರು.”

ಅವನು ತಂಬಿಗೆಯ ಅಂಚಿಗೆ ತುಟಿಯಿಟ್ಟು, ಕಚ್ಚಿ ಕುಡಿದ. ಅರ್ಧ ಉಳಿಸಿ ಅವಳಿಗೇ ಕೊಟ್ಟ.

“ನನ್ನ ಎಂಜಲ ಐತಿ,” ಎಂದ ಮೆಲ್ಲಗೆ.

“ಕಣ್ಣಿಗೆ ಹಚ್ಕೋಬೇಕೇನು?” ಎಂದಳು ಸುಂಕಮ್ಮ. ನಕ್ಕಳು... ಆಮೇಲೆ ಕುಡಿದಳು.