ಒಂದು ಬೆರಳು ಗ್ಯಾಪ್

"ಆ ಬದಿ ಸ್ವಲ್ಪ ಎತ್ತು ಮಗಾ. ಇನ್ನೂ ಸ್ವಲ್ಪ. ಹಾಂ, ಈಗ ಬಿಡು," ಎಂದರು ಅಪ್ಪ.

ವೀಕ್ಷಾ ಮೆಲ್ಲನೆ ಕೈ ಬಿಟ್ಟಳು. ಬೂದು ಬಣ್ಣದ ಹೊಸ ಬಾನೆಟ್ ಹಳೆಯ ಕಾರಿನ ಮೂತಿಯ ಮೇಲೆ ಕೂತಿತು. ಆದರೆ ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಪ್ಪನೇ ಹೇಳಬೇಕು.

ಅಪ್ಪ ಬಗ್ಗಿ ಒಂದು ಸುತ್ತು ಬಂದರು. ಕಾರಿನ ಬಾಗಿಲಿನ ಹತ್ತಿರ ನಿಂತು ಬಾನೆಟ್ಟಿನ ಅಂಚಿನ ಮೇಲೆ ಬೆರಳಾಡಿಸಿದರು. ವೀಕ್ಷಾ ಆ ಬೆರಳನ್ನೇ ನೋಡಿದಳು.

"ಇಲ್ಲ," ಎಂದರು ಅಪ್ಪ. "ಇದೂ ಕೂತ್ಕೊಳ್ಳುದಿಲ್ಲ. ಒಂದು ಬೆರಳು ಗ್ಯಾಪ್ ಉಂಟು."

ಇದು ಮೂರನೆಯ ಬಾನೆಟ್.

ಕಾರಿನ ಹೆಸರು ಸ್ಟ್ಯಾಂಡರ್ಡ್ ಹೆರಾಲ್ಡ್. ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ವೀಕ್ಷಾಳ ಅಪ್ಪ ಜಯಪ್ರಕಾಶ್ ಕ್ಯಾಶಿಯರ್. ಒಂದು ಕಾಲದಲ್ಲಿ ಆ ಹೋಟೆಲಿಗೆ ಬಾಳೆ ಎಲೆ, ಬೂದುಗುಂಬಳ, ತೆಂಗಿನಕಾಯಿ ಎಲ್ಲ ಬರುತ್ತಿದ್ದದ್ದು ಇದೇ ಕಾರಿನಲ್ಲಿ. ಅದು ಮುದಿಯಾಗಿ ಮೂಲೆ ಸೇರಿದ ಮೇಲೆ ಧಣಿ ವಿಷ್ಣುಮೂರ್ತಿಯವರು, "ಗುಜರಿಗೆ ಹಾಕುದಕ್ಕಿಂತ ನೀನೇ ಇಟ್ಕೋ ಮಾರಾಯ," ಎಂದು ಕೊಟ್ಟುಬಿಟ್ಟಿದ್ದರು.

ಅಮ್ಮ ಗುಣವತಿ ಆಗ ತಲೆ ಚಚ್ಚಿಕೊಂಡಿದ್ದರು. ಆದರೆ ಅಣ್ಣ ರಜತನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದ. ಅಪ್ಪನಿಗೆ ರಜೆ ಸಿಕ್ಕಿದಾಗಲೆಲ್ಲ ಅಪ್ಪ, ಮಗ ಇಬ್ಬರೂ ವೆಸ್ಟ್ ಮಾಂಬಲಂನ ಈ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಕಾರಿನ ಅಡಿಗೆ ನುಸುಳುತ್ತಿದ್ದರು. ಊಟಕ್ಕೆ ಕರೆದರೆ ನಾಲ್ಕು ಕಾಲುಗಳು ಮಾತ್ರ ಕಾಣುತ್ತಿದ್ದವು. ಎಂಜಿನ್ ಸರಿಯಾಯಿತು. ಸೀಟು ಸರಿಯಾಯಿತು.

ಅಷ್ಟರಲ್ಲಿ ದೊಡ್ಡ ಮಳೆ ಬಂದು ಪಾರ್ಕಿಂಗಿನಲ್ಲಿ ನೀರು ನಿಂತಿತು. ಮೊದಲೇ ತುಕ್ಕು ಹಿಡಿದಿದ್ದ ಬಾನೆಟ್, ನೀರು ಇಳಿದ ಮೇಲೆ ಮುಟ್ಟಿದರೆ ಹಪ್ಪಳದಂತೆ ಮುರಿಯತೊಡಗಿತು. ಈ ಕಾರು ಹುಟ್ಟಿದ್ದು ಇದೇ ಊರಿನಲ್ಲಿ. ಆದರೆ ಈಗ ಅದರ ಬಾನೆಟ್ ಊರೆಲ್ಲ ಹುಡುಕಿದರೂ ಇಲ್ಲ.

"ಡೋಂಟ್ ವರಿ ಅಪ್ಪಾ, ಫೈಬರ್‌ಗ್ಲಾಸ್ ಹಾಕುವ," ಎಂದಿದ್ದ ರಜತ್. ಗಾಜಿನ ನೂಲಿನ ಬಟ್ಟೆಗೆ ಅಂಟು ಬಳಿದು ಅಚ್ಚಿನಲ್ಲಿ ಒತ್ತಿ ಬಾನೆಟ್ ಮಾಡುವ ಬೇಬಿ ಅಕ್ಕನನ್ನು ಅಂಬತ್ತೂರಿನಲ್ಲಿ ಹುಡುಕಿದ್ದೂ ಅವನೇ. ಡ್ರಿಲ್ಲಿಂಗ್ ಮೆಷಿನ್ ಕೂಡ ತಂದಿಟ್ಟುಕೊಂಡ. "ಬಾನೆಟ್ ಬಂದ್ಮೇಲೆ ಬೋಲ್ಟಿಗೆ ಹೋಲ್ ಹಾಕುದು ನಾನು. ಯಾರೂ ಟಚ್ ಮಾಡ್ಬಾರ್ದು. ಅಪ್ಪ, ನೀವೂ." ಅಪ್ಪ ನಕ್ಕಿದ್ದರು. ವೀಕ್ಷಾಳಿಗೂ ಅವನು ಒಂದು ಮಾತು ಕೊಟ್ಟಿದ್ದ. ಕಾರು ಓಡಿದ ಮೊದಲ ದಿನ ಬೀಚ್‌ಗೆ ಹೋಗುವುದು, ಮುಂದಿನ ಸೀಟು ಅವಳಿಗೆ.

ಬಾನೆಟ್ ಬರುವ ಮೊದಲೇ ರಜತನಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ.

ಅವನು ಹೋದ ಮೇಲೆ ಬಂದ ಮೊದಲ ಬಾನೆಟ್ ನಿಜವಾಗಿಯೂ ಸೊಟ್ಟಗಿತ್ತು. ಯಾವತ್ತೋ ಗುದ್ದಿಸಿಕೊಂಡಿದ್ದ ಕಾರಿನಿಂದ ಬೇಬಿ ಅಕ್ಕ ಅಚ್ಚು ತೆಗೆದಿದ್ದರು. ಅಚ್ಚು ಸೊಟ್ಟಗಿದ್ದರೆ ಬಾನೆಟ್ ನೆಟ್ಟಗಿರುತ್ತದೆಯೇ? ಅವರು ತಪ್ಪು ಒಪ್ಪಿಕೊಂಡು ಹೊಸ ಅಚ್ಚು ಮಾಡಿದರು. ಎರಡನೆಯದು ಬಂತು. ಅಪ್ಪ ಅಂಚಿನ ಮೇಲೆ ಬೆರಳಾಡಿಸಿ, "ಒಂದು ಬೆರಳು ಗ್ಯಾಪ್," ಎಂದು ವಾಪಸ್ ಕಳಿಸಿದರು.

ಈಗ ಮೂರನೆಯದೂ ಹೀಗಾಯಿತು. ಇನ್ನು ನಾಲ್ಕನೆಯದಕ್ಕೆ ಸಮಯವೂ ಇಲ್ಲ. "ಈ ತಿಂಗಳು ಮುಗಿಯುವುದರೊಳಗೆ ಕಾರು ಓಡಬೇಕು, ಇಲ್ಲಾ ಜಾಗ ಬಿಡಬೇಕು," ಎಂದು ಫ್ಲ್ಯಾಟಿನ ಸೆಕ್ರೆಟರಿ ಚಂದ್ರಶೇಖರ ಅಂಕಲ್ ಹೇಳಿಯಾಗಿತ್ತು. ಅಮ್ಮ ಬೆಳಿಗ್ಗೆಯೇ, "ಇವತ್ತು ಕೂತ್ಕೊಳ್ಳದಿದ್ರೆ ಗುಜರಿಯವನಿಗೆ ಕೊಟ್ಟುಬಿಡುವ. ದಿನಾ ಅದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದಿದ್ದರು.

ಬಾನೆಟ್ ತಂದ ಟೆಂಪೋದ ಜೊತೆಗೆ ಈ ಸಲ ಬೇಬಿ ಅಕ್ಕನೇ ಬಂದಿದ್ದರು. ಅವರಿಗೆ ಕನ್ನಡ ಬಾರದು. ಅವರ ತಮಿಳು ವೀಕ್ಷಾಳಿಗೆ ಮನೆಯ ಕನ್ನಡಕ್ಕಿಂತ ಸಲೀಸು.

"ಎನ್ನ ಸಾರ್, ಏನಿದು?" ಎಂದರು ಬೇಬಿ ಅಕ್ಕ. "ನೀವು ಬೇಡ ಅಂದ ಎರಡನೇ ಬಾನೆಟ್ ಅಣ್ಣಾ ನಗರ್‌ನಲ್ಲಿ ಒಬ್ಬರ ಕಾರಿಗೆ ಹಾಕಿದೆ. ಪಕ್ಕಾ ಕೂತಿತು. ಇದೂ ಅದೇ ಅಚ್ಚಿಂದು. ತೂತು ಕೊರೆಯದಿದ್ರೆ ವಾಪಸ್ ತಗೊಂಡು ಹೋಗ್ತೀನಿ. ಆದ್ರೆ ಇನ್ನೊಂದು ಮಾಡಲ್ಲ."

ಅಪ್ಪನ ಕೈಗೆ ಗಾಜಿನ ನೂಲಿನ ಪುಡಿ ಹತ್ತಿತ್ತು. "ಕೈ ತುರಿಸ್ತದೆ," ಎನ್ನುತ್ತ ಗೇಟಿನ ಬಳಿಯ ನಲ್ಲಿಯ ಕಡೆಗೆ ಹೋದರು.

ವೀಕ್ಷಾಳಿಗೆ ಮೂಗಿನ ತುದಿಗೆ ಕೋಪ ಬಂತು.

"ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳ್ತಾರಾ ಅಕ್ಕಾ?"

ಬೇಬಿ ಅಕ್ಕ ಬೈಯಲಿಲ್ಲ. "ನೀನೇ ಬೆರಳು ಹಾಕಿ ನೋಡು ಪಾಪಾ," ಎಂದರು.

ವೀಕ್ಷಾ ಬಾಗಿಲಿನ ಹತ್ತಿರ, ಅಪ್ಪ ಮುಟ್ಟಿದ್ದ ಜಾಗದಲ್ಲೇ ಬೆರಳಿಟ್ಟಳು. ಬೆರಳು ಒಳಗೆ ಹೋಗಲಿಲ್ಲ. ಕಿರುಬೆರಳು ಇಟ್ಟಳು. ಅದೂ ಹೋಗಲಿಲ್ಲ. ಎಲ್ಲ ಕಾರುಗಳಿಗೂ ಇರುವಂಥ ಸಣ್ಣ ಸಂದು, ಉಗುರು ಮಾತ್ರ ತೂರುತ್ತಿತ್ತು. ಆಚೆ ಬದಿಗೆ ಓಡಿದಳು. ಅಲ್ಲಿಯೂ ಅಷ್ಟೆ. ಇಡ್ಲಿ ಪಾತ್ರೆಗೆ ಮುಚ್ಚಳ ಕೂತ ಹಾಗೆ ಬಾನೆಟ್ ಕೂತಿತ್ತು.

ಅವಳಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ಅಪ್ಪನ ಬೆರಳಿಗೆ ಸಿಕ್ಕಿದ ಗ್ಯಾಪ್ ತನ್ನ ಬೆರಳಿಗೆ ಯಾಕೆ ಸಿಗಲಿಲ್ಲ?

ಗೋಡೆಯ ಬದಿಯ ಹಲಗೆಯ ಮೇಲೆ ಡ್ರಿಲ್ಲಿಂಗ್ ಮೆಷಿನ್ನಿನ ನೀಲಿ ಪೆಟ್ಟಿಗೆ ಇತ್ತು. ಮುಚ್ಚಳದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ರಜತ್ ಮುಚ್ಚಿಟ್ಟ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ವೀಕ್ಷಾ ಪೆಟ್ಟಿಗೆಯನ್ನು ನೋಡಿದಳು, ಬಾನೆಟ್ ನೋಡಿದಳು, ನಲ್ಲಿಯ ಹತ್ತಿರ ನಿಂತ ಅಪ್ಪನನ್ನು ನೋಡಿದಳು. ಅಪ್ಪ ಇನ್ನೂ ಕೈ ತೊಳೆಯುತ್ತಲೇ ಇದ್ದರು.

ಬಾನೆಟ್ ಕೂತರೆ ತೂತು ಕೊರೆಯಬೇಕು. ಕೊರೆಯುತ್ತೇನೆ ಎಂದವನು ಇಲ್ಲ.

"ವೀಕ್ಷಾ, ಕೂತಿತಾ?"

ಅಮ್ಮನ ದನಿ. ಅವರು ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದರು. ರಜತ್ ಹೋದ ಮೇಲೆ ಅವರು ಅಲ್ಲಿಂದ ಕೆಳಗಿಳಿದು ಕಾರಿನ ಹತ್ತಿರ ಬಂದದ್ದೇ ಇಲ್ಲ.

ಅಪ್ಪ ಒದ್ದೆ ಕೈಯಲ್ಲೇ ಬಂದು ನಿಂತರು.

ಕೂತಿದೆ ಎಂದು ಒಂದೇ ಮಾತು ಹೇಳಿದರೆ ಕಾರು ಉಳಿಯುತ್ತದೆ. ಬೀಚ್, ಮುಂದಿನ ಸೀಟು ಎಲ್ಲ ಉಳಿಯುತ್ತದೆ. ವೀಕ್ಷಾಳಿಗೆ ಅದು ಬೇಕೇ ಬೇಕಿತ್ತು. ಅವಳು ಅಪ್ಪನ ಮುಖ ನೋಡಿದಳು. ಆಸ್ಪತ್ರೆಯ ವರಾಂಡಾದಲ್ಲಿ ಕೂತಿದ್ದಾಗ ಅಪ್ಪನ ಮುಖ ಹೀಗೇ ಇತ್ತು.

"ಇಲ್ಲಮ್ಮಾ," ಎಂದಳು. "ಸೆಟ್ ಆಗ್ಲಿಲ್ಲ. ಒಂದು ಬೆರಳು ಗ್ಯಾಪ್ ಉಂಟು."

ಬೇಬಿ ಅಕ್ಕನಿಗೆ ಅರ್ಥವಾಯಿತೇನೋ. ತಿರುಗಿ ವೀಕ್ಷಾಳನ್ನು ನೋಡಿದರು.

"ಹಾಗಾದ್ರೆ ಆಯ್ತು," ಎಂದರು ಅಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ಸೆಕ್ರೆಟರಿಗೆ ನಾನೇ ಹೇಳ್ತೇನೆ. ಗುಜರಿಯವನು ನಾಳೆ ತಗೊಂಡು ಹೋಗ್ಲಿ."

ಅಮ್ಮನ ಚಪ್ಪಲಿಯ ಸದ್ದು ಮೇಲೇರತೊಡಗಿತು.

"ಎಲ್ಲಿ?" ಅಪ್ಪ ಮೆಲ್ಲಗೆ ಕೇಳಿದರು. "ಗ್ಯಾಪ್ ಎಲ್ಲಿ ಉಂಟು ಮಗಾ?"

ವೀಕ್ಷಾ ಬಾಗಿಲಿನ ಹತ್ತಿರ ಬೆರಳಿಟ್ಟಳು. ಅದು ಅಪ್ಪ ತೋರಿಸಿದ್ದ ಜಾಗವೇ. ಒಳಗೆ ತೂರಿಸಲು ನೋಡಿದಳು. ಬೆರಳು ಸಂದಿನ ಮೇಲೆ ನಿಂತೇ ಇತ್ತು. ಒತ್ತಿ ಒತ್ತಿ ಉಗುರು ಬೆಳ್ಳಗಾಯಿತು. ಅವಳು ತಲೆ ಎತ್ತಲಿಲ್ಲ.

ಅಪ್ಪ ಆ ಬೆರಳನ್ನೇ ನೋಡುತ್ತ ನಿಂತರು. ಟೆಂಪೋದವನು ಒಂದು ಸಲ ಹಾರ್ನ್ ಹೊಡೆದ. ಅಪ್ಪನ ತಣ್ಣನೆಯ ಒದ್ದೆ ಕೈ ಬಂದು ಅವಳ ಕೈಯನ್ನು ಮೆಲ್ಲನೆ ಅಲ್ಲಿಂದ ಎತ್ತಿತು.

"ಗುಣಾ," ಎಂದು ಕರೆದರು ಅಪ್ಪ. "ಸೆಕ್ರೆಟರಿಗೆ ಹೇಳ್ಬೇಡ. ಕೂತಿದೆ. ಹೋದ ಸಲವೂ ಕೂತಿತ್ತು."

ಚಪ್ಪಲಿಯ ಸದ್ದು ನಿಂತಿತು.

ಬೇಬಿ ಅಕ್ಕ ಟೆಂಪೋದವನಿಗೆ ಕೈಸನ್ನೆ ಮಾಡಿದರು. ಟೆಂಪೋ ಖಾಲಿಯಾಗಿ ಗೇಟು ದಾಟಿತು. ಅವರು ಮಾತ್ರ ಹೋಗದೆ, ತಮ್ಮ ಚೀಲದಿಂದ ಹತ್ತಿಯ ಟವೆಲ್ ತೆಗೆದು ಪುಡಿ ಒಳಗೆ ಹೋಗದಂತೆ ವೀಕ್ಷಾಳ ಮೂಗು ಬಾಯಿಗೆ ಅಡ್ಡವಾಗಿ ಕಟ್ಟಿದರು.

ಅಪ್ಪ ಹಲಗೆಯಿಂದ ನೀಲಿ ಪೆಟ್ಟಿಗೆ ಇಳಿಸಿದರು. ಧೂಳು ಒರೆಸಿದರು. ಪೆನ್ಸಿಲಿನಿಂದ ಬಾನೆಟ್ಟಿನ ಮೇಲೆ ಒಂದು ಗುರುತು ಹಾಕಿದರು. ಗೆರೆ ಎಲ್ಲೋ ಹೋಯಿತು. ಅಳಿಸಿ ಇನ್ನೊಮ್ಮೆ ಹಾಕಿದರು.

ಅಮ್ಮ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತದ್ದನ್ನು ವೀಕ್ಷಾ ಓರೆಗಣ್ಣಲ್ಲಿ ನೋಡಿದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ನೀನು ಆ ಬದಿ ಹಿಡ್ಕೊ," ಎಂದರು ಅಪ್ಪ. "ಗಟ್ಟಿ ಹಿಡ್ಕೊ. ಅಲುಗಾಡ್ಲಿಕ್ಕಿಲ್ಲ."

"ಸರಿ ಅಪ್ಪಾ."

ಮೆಷಿನ್ ಗುರ್ರೆಂದು ಶುರುವಾಯಿತು. ಬಾನೆಟ್ ಅವಳ ಕೈಯಡಿಯಲ್ಲಿ ನಡುಗಿತು. ಬಿಳಿ ಪುಡಿ ಹಾರಿ ಅವಳ ಬೆರಳುಗಳ ಮೇಲೆ, ಮಣಿಕಟ್ಟಿನ ಮೇಲೆ ಬಿತ್ತು. ಚರ್ಮ ಚುರುಚುರು ತುರಿಸತೊಡಗಿತು. ಎದುರಿಗೆ ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

ವೀಕ್ಷಾ ಕೈ ತೆಗೆಯಲಿಲ್ಲ.